ಹನ್ನೊಂದು ಗಂಟೆಯ ಅಂಕಿ

ನಮ್ಮ ಮಾಳಿಗೆಯ ಮೇಲಿನ ಬಿಳಿ ಪೆಟ್ಟಿಗೆಗೆ ಹೊಸಪೇಟೆಯಲ್ಲಿ ಒಂದಷ್ಟು ಜನ ‘ಮೇಡಂ ಮೀಟರ್’ ಎಂದು ಹೆಸರಿಟ್ಟಿದ್ದರು. ಮೇಡಂ ಎಂದರೆ ನಾನು, ಶ್ರೀಪ್ರಿಯಾ. ಇಪ್ಪತ್ತೆರಡು ವರ್ಷದಿಂದ ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತಿದ್ದೇನೆ. ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ವಿದ್ಯಾರ್ಥಿಗಳು ಆಡಿಕೊಳ್ಳುತ್ತಾರೆ, ಅದರಲ್ಲಿ ಸುಳ್ಳೇನಿಲ್ಲ. ಯಾರಾದರೂ ಬೆವರು ಒರೆಸಿಕೊಳ್ಳುತ್ತ ಇವತ್ತು ನಲವತ್ತೈದು ಡಿಗ್ರಿ ಇರಬೇಕು ಎಂದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಇರಬೇಕು ಎಂದರೇನು? ಅಳೆದಿದ್ದಾರೆಯೇ? ಎಲ್ಲಿ ಅಳೆದರು? ಬೈಕಿನ ಸೀಟು ಮುಟ್ಟಿ ನೋಡಿ ಹೇಳುವುದು ಉಷ್ಣಾಂಶವಲ್ಲ.

ಆ ಪೆಟ್ಟಿಗೆಯನ್ನು ನಾನು ಹಟಕ್ಕೆ ಬಿದ್ದು ಮಾಡಿಸಿದ್ದೆ. ಬಡಗಿಯ ಹತ್ತಿರ ನಾಲ್ಕು ಸಲ ಪಟ್ಟಿ ಬಿಚ್ಚಿಸಿ, ಗಾಳಿ ಆಡಬೇಕು ಆದರೆ ಬಿಸಿಲು ಒಳಗೆ ಬೀಳಬಾರದು ಎಂದು ಓರೆಯಾಗಿ ಕೂರಿಸಿದ್ದೆ. ಮಾಳಿಗೆಯ ಕಾಂಕ್ರೀಟು ಕಾದು ಕೆಳಗಿನಿಂದ ಝಳ ಹೊಡೆಯುತ್ತದಲ್ಲ, ಅದಕ್ಕಾಗಿ ಎದೆಮಟ್ಟದ ಸ್ಟ್ಯಾಂಡು. ಅದರ ಕೆಳಗೆ ಅಗಲವಾದ ತಟ್ಟೆಗಳಲ್ಲಿ ಮಣ್ಣು ಹಾಕಿ ಗರಿಕೆ ಬೆಳೆಸಿದ್ದೆ. ಒಳಗೆ ಇಡುವ ಸೆನ್ಸರನ್ನು ಕರಗುವ ಮಂಜುಗಡ್ಡೆಯ ಜೊತೆ ಇಟ್ಟು ಸೊನ್ನೆ ಸರಿಯಾಗಿ ತೋರಿಸುತ್ತದೆಯೇ ಎಂದು ನೋಡಿದ್ದೆ. ಅದು ತೋರಿಸಿದ ಅಂಕಿ ಮನೆಯೊಳಗಿನ ಪರದೆಗೂ ನನ್ನ ಫೋನಿಗೂ ಬರುತ್ತಿತ್ತು. ಸಂಡೂರಿನಲ್ಲಿರುವ ನನ್ನ ಅಕ್ಕ ತನ್ನೂರು ತಂಪು ಎಂದು ಜಂಬ ಕೊಚ್ಚಿದಾಗಲೆಲ್ಲ ಎಷ್ಟು ತಂಪು, ಅಂಕಿ ಹೇಳು ಎಂದು ಅವಳ ಬಾಯಿ ಮುಚ್ಚಿಸುತ್ತಿದ್ದೆ.

ಎರ್ರಿಯಪ್ಪ ಈ ಪೆಟ್ಟಿಗೆಯನ್ನು ಹುಡುಕಿಕೊಂಡು ಬಂದದ್ದು ಹೋದ ವರ್ಷದ ಬೇಸಿಗೆಯಲ್ಲಿ. ಅವನು ಗಾದಿಗನೂರಿನ ಮೇಸ್ತ್ರಿ. ನಮ್ಮ ಮಾಳಿಗೆಯ ಮೇಲಿನ ಕೋಣೆ ಕಟ್ಟಿದವನು ಅವನೇ. ಬೇಸಿಗೆಯಲ್ಲಿ ಕಾಲುವೆಗೆ ನೀರು ನಿಲ್ಲಿಸಿದಾಗ ಕಂಪ್ಲಿ ಕಡೆ ಕಾಲುವೆಯ ರಿಪೇರಿಗೆ ಹನ್ನೆರಡು ಜನರ ಗುಂಪು ಕಟ್ಟಿಕೊಂಡು ಹೋಗುತ್ತಿದ್ದ. ಒಂಬತ್ತು ಹೆಂಗಸರು, ಮೂವರು ಗಂಡಸರು. ಒಣಗಿದ ಕಾಲುವೆಯ ಒಳಗೆ ನಿಂತರೆ ಎರಡೂ ಬದಿಯ ಗೋಡೆ ಬೆಂಕಿ ಉಗುಳುತ್ತದೆ. ಆ ವರ್ಷ ಒಬ್ಬಳು ತಲೆ ತಿರುಗಿ ಬಿದ್ದಿದ್ದಳು. ಮಧ್ಯಾಹ್ನ ಕೆಲಸ ನಿಲ್ಲಿಸೋಣ ಎಂದರೆ ಕಂಟ್ರಾಕ್ಟರನ ಸೂಪರ್‌ವೈಸರ್, ನಿಮಗೆ ದಿನಾ ಬಿಸಿಲೇ, ದಿನಾ ನೆಪವೇ ಎಂದು ಗದರುತ್ತಿದ್ದನಂತೆ.

ನಾನು ಎರ್ರಿಯಪ್ಪನಿಗೂ ಪಾಠ ಮಾಡಿದೆ. ಅಂಗಳದಲ್ಲಿ ಮೂರು ಬೋಗುಣಿ ಇಟ್ಟೆ. ಒಂದರಲ್ಲಿ ಬಿಸಿನೀರು, ಒಂದರಲ್ಲಿ ತಣ್ಣೀರು, ನಡುವಿನದರಲ್ಲಿ ಉಗುರುಬೆಚ್ಚಗಿನ ನೀರು. ಒಂದು ಕೈ ಬಿಸಿಯಲ್ಲಿ, ಒಂದು ಕೈ ತಣ್ಣಗಿನದರಲ್ಲಿ ಅದ್ದಿಸಿ, ಆಮೇಲೆ ಎರಡನ್ನೂ ನಡುವಿನ ನೀರಿಗೆ ಹಾಕಿಸಿದೆ. ಒಂದು ಕೈಗೆ ತಣ್ಣಗೆ, ಇನ್ನೊಂದಕ್ಕೆ ಬಿಸಿ. ಅವನು ಚಿಕ್ಕ ಮಕ್ಕಳ ಹಾಗೆ ನಕ್ಕ. ನೋಡು, ಮೈ ಸುಳ್ಳು ಹೇಳುತ್ತದೆ, ಮಾಪಕ ಹೇಳುವುದಿಲ್ಲ, ನಿನ್ನ ಸೂಪರ್‌ವೈಸರ್ ಮುಂದೆ ನಿಲ್ಲುವುದು ಅಂಕಿ ಮಾತ್ರ ಎಂದೆ. ಆ ಮಾತು ಹೇಳುವಾಗ ನನಗೆ ನನ್ನ ಬಗ್ಗೆ ಬಹಳ ಹೆಮ್ಮೆ ಇತ್ತು.

ಒಪ್ಪಂದ ಹೀಗಾಯಿತು. ದಿನಾ ಹನ್ನೊಂದು ಗಂಟೆಗೆ ನಾನು ವಾಟ್ಸಾಪ್ ಗುಂಪಿನಲ್ಲಿ ಅಂಕಿ ಹಾಕಬೇಕು. ನಲವತ್ತೊಂದು ಅಥವಾ ಅದಕ್ಕಿಂತ ಹೆಚ್ಚಿದ್ದರೆ ಸಂಜೆ ನಾಲ್ಕರವರೆಗೆ ಕೆಲಸ ಬಂದ್. ಸೂಪರ್‌ವೈಸರ್ ಕೂಡ ಅದೇ ಗುಂಪಿನಲ್ಲಿದ್ದ. ಕಾಲೇಜಿನ ಮೇಡಂ ಹೇಳಿದ ಮೇಲೆ ಅವನೂ ತಕರಾರು ಮಾಡಲಿಲ್ಲ. ಆ ವರ್ಷ ಏಳು ದಿನ ಕೆಲಸ ನಿಂತಿತು, ಮತ್ತೆ ಒಬ್ಬರೂ ಬೀಳಲಿಲ್ಲ. ಆಮೇಲೆ ಹಂಪಿಯ ಇಬ್ಬರು ಗೈಡುಗಳು, ಪಾಪಿನಾಯಕನಹಳ್ಳಿಯ ಒಂದು ಇಟ್ಟಿಗೆ ಭಟ್ಟಿಯವರು, ನಮ್ಮ ಬೀದಿಯವರು ಎಲ್ಲ ಸೇರಿ ಆ ಗುಂಪು ಬೆಳೆಯಿತು.

ದ್ಯಾಮಕ್ಕ ಎರ್ರಿಯಪ್ಪನ ಹೆಂಡತಿ. ಅವನ ಕೆಲಸದ ಗುಂಪಿನಲ್ಲೇ ಸಿಮೆಂಟಿನ ಬಾಂಡ್ಲಿ ಹೊರುತ್ತಿದ್ದಳು. ನಮ್ಮ ಮನೆಯ ಕೆಲಸ ನಡೆದಾಗ ತಿಂಗಳುಗಟ್ಟಲೆ ಬಂದು ಹೋಗಿದ್ದರಿಂದ ನನ್ನ ಹತ್ತಿರ ಸಲುಗೆ. ನನ್ನ ಸಿಟ್ಟಿಗೆ ಹೆದರದ ಕೆಲವೇ ಜನರಲ್ಲಿ ಅವಳೂ ಒಬ್ಬಳು. ಸೊಂಟದ ಮೇಲೆ ಕೈಯಿಟ್ಟುಕೊಂಡು ಪೆಟ್ಟಿಗೆಯ ಸುತ್ತ ಒಂದು ಸುತ್ತು ಬಂದು, ಬಗ್ಗಿ ಗರಿಕೆ ನೋಡಿ ನಕ್ಕಿದ್ದಳು.

"ಬಿಸಿಲು ತಾಕಬಾರದಂತ ಈ ಪೆಟ್ಟಿಗಿಗೆ ಎಷ್ಟು ಜ್ವಾಪಾನ ಮಾಡ್ತೀರಿ ಮೇಡಮ್ಮ. ನಮಗೂ ಇಂಥಾದ್ದೊಂದು ಮಾಡಿಸ್ರಿ, ಒಳಗ ಕುಂತು ಎಷ್ಟ್ ಬಿಸಿಲೈತಿ ಅಂತ ಹೇಳ್ತೀವಿ."

ನಾನೂ ನಕ್ಕೆ. ಅವಳ ಮಾತಿಗೆ ನಗದೆ ಇರುವುದು ಕಷ್ಟವಾಗಿತ್ತು.

ಈಗ ನಮ್ಮ ಅತ್ತೆಯ ವಿಷಯ ಹೇಳಬೇಕು. ರಾಧಾಬಾಯಿ, ಎಪ್ಪತ್ತಾರು ವರ್ಷ, ಮಡಿಯಲ್ಲಿ ಕಟ್ಟುನಿಟ್ಟು. ನೈವೇದ್ಯ ಮುಗಿದ ಮೇಲೆ ಮರುದಿನ ಉಡಬೇಕಾದ ಮಡಿ ಸೀರೆಯನ್ನು ತಾವೇ ನೀರಿನಲ್ಲಿ ಜಾಲಿಸಿ, ತಾವೇ ಹಿಂಡಿ, ಗಳದ ಮೇಲೆ ಹರವುತ್ತಾರೆ. ಹದಿನೆಂಟು ಮೊಳದ ದಪ್ಪ ನೂಲಿನ ಸೀರೆ. ಕೈಯಲ್ಲಿ ಮೊದಲಿನ ಶಕ್ತಿ ಇಲ್ಲ, ಆದ್ದರಿಂದ ನೀರು ಪೂರ್ತಿ ಹಿಂಡಿ ಹೋಗುವುದಿಲ್ಲ. ಒಣಗುವವರೆಗೆ ಅದನ್ನು ಬೇರೆ ಯಾರೂ ಮುಟ್ಟುವ ಹಾಗಿಲ್ಲ. ನಾನು ಮುಟ್ಟಿದರೆ ಅವರು ಮತ್ತೆ ಸ್ನಾನ ಮಾಡಿ ಮತ್ತೆ ಸೀರೆ ಜಾಲಿಸಬೇಕು. ಇಷ್ಟು ವರ್ಷ ಗಳ ಹಿತ್ತಲಿನಲ್ಲಿತ್ತು. ಈ ವರ್ಷ ಹಿಂದಿನ ಮನೆಯವರು ಎರಡು ಅಂತಸ್ತು ಏರಿಸಿದ್ದರಿಂದ ಹಿತ್ತಲಿಗೆ ಬಿಸಿಲೇ ಇಲ್ಲದಾಯಿತು. ಯುಗಾದಿ ಕಳೆದ ಮೇಲೆ ನನ್ನ ಗಂಡ ಪ್ರಾಣೇಶ ಮಾಳಿಗೆಯ ಮೇಲೆ ಗಳ ಕಟ್ಟಿಕೊಟ್ಟರು. ಪೆಟ್ಟಿಗೆಗೆ ಒಂದು ಮೊಳ ದೂರದಲ್ಲಿ, ಪಶ್ಚಿಮದ ಗಾಳಿ ಬರುವ ಕಡೆಗೆ.

ನಾನು ನೋಡಲಿಲ್ಲ ಎಂದು ಹೇಳಿ ಪಾರಾಗಬಹುದಿತ್ತು. ನೋಡಿದ್ದೆ. ಏಪ್ರಿಲ್ಲಿನ ಒಂದು ಭಾನುವಾರ ಬಟ್ಟೆ ಒಣಗಿಸಲು ಮೇಲೆ ಹೋದಾಗ ಸೀರೆಯ ಒಂದು ಪದರ ಗಾಳಿಗೆ ಹಾರಿ ಪೆಟ್ಟಿಗೆಯನ್ನು ಸವರುತ್ತಿತ್ತು. ನನ್ನ ಮನಸ್ಸಿಗೆ ಮೊದಲು ಬಂದದ್ದು ಏನು ಗೊತ್ತೇ? ನೆರಳಾಯಿತು, ಒಳ್ಳೆಯದೇ ಆಯಿತು ಎಂದು. ಆಮೇಲೆ ಒದ್ದೆ ಬಟ್ಟೆ ಹತ್ತಿರವಿದ್ದರೆ ಒಂದರ್ಧ ಡಿಗ್ರಿ ಕಡಿಮೆ ತೋರಿಸೀತು ಎಂದೂ ಅನ್ನಿಸಿತು. ಸರಿಸೋಣ ಎಂದರೆ ಮಡಿ. ಅತ್ತೆಗೆ ಹೇಳೋಣ ಎಂದರೆ ಗಳದ ಜಾಗದ ವಿಷಯದಲ್ಲಿ ಆಗಲೇ ಒಂದು ವಾರ ಮುಖ ಊದಿಸಿಕೊಂಡಿದ್ದರು. ಪೆಟ್ಟಿಗೆಯನ್ನೇ ಸರಿಸಬಹುದಿತ್ತು, ಆದರೆ ಅಷ್ಟು ಅಳೆದು ಸುರಿದು ಆರಿಸಿದ ಜಾಗ ಬಿಟ್ಟುಕೊಡಲು ನನ್ನ ಅಹಂಕಾರ ಒಪ್ಪಲಿಲ್ಲ. ಮೌಲ್ಯಮಾಪನ ಮುಗಿಯಲಿ, ಆಮೇಲೆ ನೋಡೋಣ ಎಂದುಕೊಂಡೆ.

ಒದ್ದೆ ಬಟ್ಟೆ ಸುತ್ತಿದ ತಾಪಮಾಪಕ ಎಷ್ಟು ಕಡಿಮೆ ತೋರಿಸುತ್ತದೆ ಎಂಬುದು ನಮ್ಮ ಪ್ರಯೋಗಾಲಯದ ಮಾಮೂಲಿ ಪ್ರಯೋಗ. ಗಾಳಿ ಒಣಗಿದಷ್ಟೂ ವ್ಯತ್ಯಾಸ ಹೆಚ್ಚು. ಇಪ್ಪತ್ತೆರಡು ವರ್ಷದಿಂದ ಅದನ್ನು ಕಲಿಸುತ್ತಿರುವವಳು ನಾನು, ನಮ್ಮೂರಿನ ಬೇಸಿಗೆಯ ಗಾಳಿಯಷ್ಟು ಒಣಗಾಳಿ ಎಲ್ಲಿದೆ ಎಂದು ತಮಾಷೆ ಮಾಡುತ್ತ.

ಏಪ್ರಿಲ್ಲಿನ ಕೊನೆಯ ಮಂಗಳವಾರ ನಾನು ಉತ್ತರಪತ್ರಿಕೆಗಳ ನಡುವೆ ಕೂತಿದ್ದೆ. ಹನ್ನೊಂದಕ್ಕೆ ಫೋನ್ ನೋಡಿದೆ. ಮೂವತ್ತೊಂಬತ್ತು ಪಾಯಿಂಟ್ ನಾಲ್ಕು. ಗುಂಪಿನಲ್ಲಿ ಹಾಕಿದೆ. ಸುಮ್ಮನೆ ಹಾಕಿದ್ದರೂ ಆಗುತ್ತಿತ್ತು, ‘ಇವತ್ತು ಸೂರ್ಯನಿಗೂ ರಜೆ, ಎಲ್ಲರೂ ಕೆಲಸ ಮಾಡಿ’ ಎಂದು ಕೆಳಗೆ ಬರೆದೆ. ಐದಾರು ಜನ ನಗುವ ಮುಖ ಕಳಿಸಿದರು.

ಎರಡು ಗಂಟೆಯ ಹೊತ್ತಿಗೆ ದ್ಯಾಮಕ್ಕ ಕಾಲುವೆಯೊಳಗೆ ಬಿದ್ದಳು. ಆಸ್ಪತ್ರೆ ಮುಟ್ಟುವ ಮೊದಲೇ ಟಂಟಂ ಗಾಡಿಯಲ್ಲಿ ಜೀವ ಹೋಗಿತ್ತು.

ಸುದ್ದಿ ಕೇಳಿ ನನಗೆ ಎದೆ ಒಡೆದ ಹಾಗಾಯಿತು. ಅವಳಿಗೆ ಇನ್ನೂ ನಲವತ್ತು ಕೂಡ ಆಗಿರಲಿಲ್ಲ. ಮೂರನೆಯ ದಿನ ಗಾದಿಗನೂರಿಗೆ ಹೋದೆ. ಎರ್ರಿಯಪ್ಪ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತಿದ್ದ. ಬರ್ರಿ, ಕುಂದ್ರಿ ಎಂದು ಜಾಗ ಮಾಡಿಕೊಟ್ಟ. ಅಳುತ್ತಿರಲಿಲ್ಲ. ಅವನ ಮುಖದಲ್ಲಿದ್ದದ್ದು ದುಃಖಕ್ಕಿಂತ ಹೆಚ್ಚಾಗಿ ಸಿಟ್ಟು. ಯಾರ ಮೇಲೆ ಎಂದು ನನಗೆ ಮೊದಲು ತಿಳಿಯಲಿಲ್ಲ.

"ಡಾಕ್ಟರು ಬಿಸಿಲು ಬಡದೈತಿ ಅಂದ್ರು. ಇಲ್ರಿ ಸಾರ್, ಇವತ್ತು ಮೂವತ್ತೊಂಬತ್ತೇ ಇತ್ತು ಅಂತ ಅವರಿಗೆ ಫೋನ್ ತೋರಿಸಿದೆ" ಎಂದ. "ಎದಿ ಬ್ಯಾನಿ ಇದ್ದಿರಬೇಕ್ರಿ ಆಕಿಗೆ. ಮುಚ್ಚಿಟ್ಟಾಳ. ಹದಿನೆಂಟು ವರ್ಷ ಸಂಸಾರ ಮಾಡಿ ನನಗೊಂದು ಮಾತು ಹೇಳಲಿಲ್ಲ ನೋಡ್ರಿ."

ಆಮೇಲೆ ತಾನಾಗಿಯೇ ಇನ್ನೊಂದು ಸಂಗತಿ ಹೇಳಿದ. ಹನ್ನೊಂದೂವರೆಗೆ ಅವಳು ಬಾಂಡ್ಲಿ ಇಳಿಸಿ ಬಂದು, ಬಿಸಿಲು ಭಾಳ ಐತಿ, ಕೆಲಸ ನಿಲ್ಲಿಸು ಎಂದು ಕೇಳಿದ್ದಳಂತೆ. ಅವನು ಎಲ್ಲರ ಮುಂದೆ ಫೋನ್ ಎತ್ತಿ ಹಿಡಿದಿದ್ದನಂತೆ. ಮೈ ಸುಳ್ಳು ಹೇಳುತ್ತೆ, ಮೇಡಂ ಮೂರು ಬೋಗುಣಿ ಇಟ್ಟು ತೋರಿಸಿದ್ದಾರೆ, ಮೇಸ್ತ್ರಿಯ ಹೆಂಡತಿಯೇ ನೆಪ ತೆಗೆದರೆ ಉಳಿದವರು ಏನು ಮಾಡಬೇಕು ಎಂದು ಬೈದಿದ್ದನಂತೆ. ಅದನ್ನು ಅವನು ತಪ್ಪು ಒಪ್ಪಿಕೊಳ್ಳುವವನ ಹಾಗೆ ಹೇಳಲಿಲ್ಲ. ನ್ಯಾಯ ತನ್ನ ಕಡೆ ಇದೆ ಎಂಬ ಹಾಗೆ ಹೇಳಿದ. ಆಗಲಾದರೂ ಎದೆ ನೋವು ಎಂದು ಬಾಯಿ ಬಿಟ್ಟಿದ್ದರೆ ಕೂರಿಸುತ್ತಿರಲಿಲ್ಲವೇ ಎಂದು ನನ್ನನ್ನೇ ಕೇಳಿದ. ನಾನು ತಲೆ ತಗ್ಗಿಸಿ ಕೂತಿದ್ದೆ. ಆಗಿನ್ನೂ ನನಗೆ ಖಚಿತವಾಗಿ ಏನೂ ಗೊತ್ತಿರಲಿಲ್ಲ, ಆದರೆ ಪೆಟ್ಟಿಗೆಯನ್ನು ಸವರುತ್ತಿದ್ದ ಆ ಸೀರೆ ಕಣ್ಣ ಮುಂದೆ ಬರುತ್ತಿತ್ತು.

ಮರುದಿನ ಮೌಲ್ಯಮಾಪನಕ್ಕೆ ರಜೆ ಹಾಕಿದೆ. ಕಾಲೇಜಿನಿಂದ ಎರಡು ಪಾದರಸದ ತಾಪಮಾಪಕ ತಂದು ಮಾಳಿಗೆಯ ಇನ್ನೊಂದು ತುದಿಯಲ್ಲಿ ನೆರಳು ಮಾಡಿ ತೂಗುಹಾಕಿದೆ. ಹತ್ತೂವರೆಗೆ ಅತ್ತೆ ನಿಧಾನವಾಗಿ ಮೆಟ್ಟಿಲು ಹತ್ತಿ ಬಂದು ಸೀರೆ ಹರವಿ ಇಳಿದುಹೋದರು. ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಗಾಳಿ ಸೀರೆಯ ಪದರಗಳ ನಡುವೆ ನುಗ್ಗಿ ಪೆಟ್ಟಿಗೆಯ ಕಡೆ ಬರುತ್ತಿತ್ತು. ಕೈ ಒಡ್ಡಿ ನೋಡಿದೆ, ತಂಪಾಗಿತ್ತು. ಹನ್ನೊಂದಕ್ಕೆ ಪೆಟ್ಟಿಗೆ ಮೂವತ್ತೊಂಬತ್ತು ಪಾಯಿಂಟ್ ಎರಡು ತೋರಿಸಿತು. ಪಾದರಸ ಎರಡರಲ್ಲೂ ನಲವತ್ಮೂರರ ಮೇಲೆ ನಿಂತಿತ್ತು.

ಕೆಳಗೆ ಬಂದು ಹಳೆಯ ದಿನಗಳ ಗ್ರಾಫ್ ತೆಗೆದೆ. ಯುಗಾದಿಯ ನಂತರ ಪ್ರತಿದಿನವೂ ಹತ್ತೂವರೆಗೆ ಗೆರೆ ಕೆಳಗಿಳಿದಿತ್ತು, ಒಂದು ಗಂಟೆಯ ಸುಮಾರಿಗೆ ಥಟ್ಟನೆ ಮೇಲೆ ಹಾರಿತ್ತು. ಸೀರೆ ಒಣಗಿ, ಅತ್ತೆ ತೆಗೆದುಕೊಂಡು ಹೋಗುವ ಹೊತ್ತು ಅದು. ಆ ಹಾರುವಿಕೆಯನ್ನು ನಾನು ಮೊದಲೂ ಗಮನಿಸಿದ್ದೆ. ಸೂರ್ಯನ ಓರೆ ಬದಲಾಗುವುದರಿಂದ ಇರಬೇಕು ಎಂದುಕೊಂಡಿದ್ದೆ. ಇರಬೇಕು ಎಂದುಕೊಂಡಿದ್ದೆ, ಅಳೆಯಲಿಲ್ಲ. ಅಡುಗೆಮನೆಯ ನೆಲದ ಮೇಲೆ ಕೂತು ಅತ್ತುಬಿಟ್ಟೆ. ಇಷ್ಟು ದಿನ ಊರವರನ್ನೆಲ್ಲ ಬೈದದ್ದು ನನ್ನ ಮುಖಕ್ಕೇ ಬಂದು ಬಡಿಯಿತು.

ಸಂಜೆ ಪ್ರಾಣೇಶರಿಗೆ ಎಲ್ಲ ಹೇಳಿದೆ. ಅವರು ಒಳ್ಳೆಯ ಮನುಷ್ಯ, ಯಾರಿಗೂ ಕೆಟ್ಟದ್ದು ಬಯಸುವವರಲ್ಲ. ಎದ್ದು, ಬಾಗಿಲು ಮುಂದೆ ಮಾಡಿ ಬಂದು ಕೂತರು.

"ಯಾರಿಗೂ ಹೇಳಬ್ಯಾಡ ಶ್ರೀ. ನೀ ಹೇಳಿದರ ಆಕಿ ಏನು ಎದ್ದು ಬರ್ತಾಳೇನು? ಅಮ್ಮಗ ತನ್ನ ಮಡಿ ಸೀರಿಯಿಂದ ಒಬ್ಬರ ಜೀವ ಹೋತು ಅಂತ ಗೊತ್ತಾದರ ಈ ವಯಸ್ಸಿನಾಗ ತಡಕೊಳ್ಳೂದಿಲ್ಲ."

ನನಗೆ ಅದೇ ಬೇಕಾಗಿತ್ತು. ಬಾಯಿ ಮುಚ್ಚಿಕೊಂಡಿರಲು ಯಾರಾದರೂ ಒಂದು ಒಳ್ಳೆಯ ಕಾರಣ ಕೊಡಲಿ ಎಂದು ಕಾಯುತ್ತಿದ್ದೆ. ಅತ್ತೆಯ ನೆಪ ಹೇಳಿಕೊಂಡೆ, ಆದರೆ ಹೆದರಿದ್ದು ನನ್ನ ಹೆಸರಿಗೆ.

ಮರುದಿನ ಪೆಟ್ಟಿಗೆಯನ್ನು ಮಾಳಿಗೆಯ ಇನ್ನೊಂದು ತುದಿಗೆ ಸಾಗಿಸಿದೆ. ಅತ್ತೆ ಸೀರೆ ಹರವಲು ಬಂದವರು ಖಾಲಿಯಾದ ಜಾಗ ನೋಡಿ ಖುಷಿಪಟ್ಟರು. "ಭಾಳ ಛಲೋ ಮಾಡಿದಿ ನೋಡವಾ. ಅಲ್ಲಿ ನನಗ ಇಕ್ಕಟ್ಟಾಗತಿತ್ತು" ಎಂದರು. ಅವರು ನನ್ನನ್ನು ಹಾಗೆ ಹೊಗಳಿದ್ದು ಮದುವೆಯಾದ ಮೇಲೆ ಮೂರೋ ನಾಲ್ಕೋ ಸಲ. ನಾನು ಹೂಂ ಎಂದು ಕೆಳಗಿಳಿದೆ.

ಆಮೇಲೆ ಅಂಕಿಗಳು ಏರಿದವು. ನಲವತ್ತೆರಡು, ನಲವತ್ಮೂರು. ಬಿಸಿಲು ಒಮ್ಮೆಲೇ ಹೆಚ್ಚಾಯಿತು ಎಂದು ಗುಂಪಿನಲ್ಲಿ ಎಲ್ಲರೂ ಬರೆದರು. ಬಿಸಿಲು ಮೊದಲಿನಷ್ಟೇ ಇದೆ ಎಂದು ನನಗೊಬ್ಬಳಿಗೆ ಗೊತ್ತಿತ್ತು. ಎರ್ರಿಯಪ್ಪ ಹದಿಮೂರನೆಯ ದಿನ ಮುಗಿಸಿ ಕೆಲಸಕ್ಕೆ ಮರಳಿದ್ದ. ದಿನಾ ಹನ್ನೊಂದಕ್ಕೆ ಅಂಕಿ ನೋಡಿ ಕೆಲಸ ನಿಲ್ಲಿಸುತ್ತಿದ್ದ. ಒಂದು ದಿನ ನನಗೆ ಬೇರೆಯಾಗಿ ಧ್ವನಿ ಸಂದೇಶ ಕಳಿಸಿದ. ಓದು ಬರಹ ಅವನಿಗೆ ಅಷ್ಟಕ್ಕಷ್ಟೆ, ಆದ್ದರಿಂದ ಯಾವಾಗಲೂ ಮಾತಾಡಿಯೇ ಕಳಿಸುತ್ತಿದ್ದ.

"ಇವತ್ತೂ ನಿಲ್ಲಿಸಿದ್ವಿ ಮೇಡಂ. ನಿಮ್ಮ ದಯಾದಿಂದ ನಮ್ಮ ಹೆಣ್ಣಮಕ್ಕಳು ಉಳಕೊಂಡ್ರು. ಆಕಿ ಒಬ್ಬಾಕೀನ ನಮಗ ಮ್ವಾಸ ಮಾಡಿ ಹೋದ್ಲು."

ಅದನ್ನು ಮೂರು ಸಲ ಕೇಳಿದೆ. ಸತ್ತವಳ ಮೇಲೆ ಅವನು ಮುನಿಸಿಕೊಂಡಿದ್ದ. ಕಾಯಿಲೆ ಮುಚ್ಚಿಟ್ಟಳು, ನಂಬಿಕೆ ಕೆಡಿಸಿದಳು ಎಂದು ಅವಳನ್ನು ದಿನಾ ಮನಸ್ಸಿನಲ್ಲೇ ಬೈಯುತ್ತಿದ್ದ. ನನಗೆ ಕೈಮುಗಿಯುತ್ತಿದ್ದ. ನಾನು ಸುಮ್ಮನಿದ್ದಷ್ಟು ದಿನ ಅದು ಹಾಗೆಯೇ ನಡೆಯುತ್ತದೆ. ಸಾಯುವ ತನಕ ನಡೆಯಬಹುದು. ಇಷ್ಟಾದ ಮೇಲೂ ಸುಮ್ಮನಿದ್ದರೆ ನಾನು ಮನುಷ್ಯಳೇ ಅಲ್ಲ ಎನ್ನಿಸಿತು. ಪ್ರಾಣೇಶರಿಗೆ ಹೇಳದೆ ಮರುದಿನ ಕಂಪ್ಲಿ ಬಸ್ಸು ಹತ್ತಿದೆ.

ಅವರು ಕಾಲುವೆಯ ಮೇಲಿನ ಸೇತುವೆಯ ಕೆಳಗೆ, ನೆರಳಿನಲ್ಲಿ ಕೂತಿದ್ದರು. ಆ ದಿನದ ಅಂಕಿ ನಲವತ್ತೆರಡು ಪಾಯಿಂಟ್ ಎಂಟು ಇತ್ತು. ಹೆಂಗಸರು ಬುತ್ತಿ ಬಿಚ್ಚಿ ರೊಟ್ಟಿ ಮುರಿಯುತ್ತಿದ್ದರು. ನನ್ನನ್ನು ನೋಡಿ ಎಲ್ಲರೂ ಎದ್ದು ನಿಂತದ್ದು ನನಗೆ ಸಹಿಸಲಾಗಲಿಲ್ಲ. ಅವರಲ್ಲಿ ಹಿರಿಯಳಾದ ಹಂಪಮ್ಮ ತನ್ನ ಸೆರಗಿನಿಂದಲೇ ಕಲ್ಲು ಒರೆಸಿ ಕೂರಲು ಜಾಗ ಮಾಡಿದಳು. ನಾನು ಕೂರದೆ ಎರ್ರಿಯಪ್ಪನನ್ನು ಆಚೆ ಜಾಲಿ ಮರದ ಕೆಳಗೆ ಕರೆದುಕೊಂಡು ಹೋದೆ.

ಎಲ್ಲ ಹೇಳಿದೆ. ಅತ್ತೆಯ ಹೆಸರು ಎತ್ತಲಿಲ್ಲ. ಒದ್ದೆ ಬಟ್ಟೆ ಪೆಟ್ಟಿಗೆಯ ಪಕ್ಕ ಇತ್ತು, ನಾನು ನೋಡಿಯೂ ಸರಿಸಲಿಲ್ಲ, ಆ ಒಂದು ತಿಂಗಳು ನಾನು ಹಾಕಿದ ಅಂಕಿಯೆಲ್ಲ ಸುಳ್ಳು ಎಂದೆ. ಪಾಠದ ಧ್ವನಿಯಲ್ಲಿ ಶುರುಮಾಡಿದವಳು ನಡುವೆ ಎಲ್ಲೋ ಅಳುತ್ತಿದ್ದೆ. ಅವನು ನೆಲದ ಮೇಲಿನ ಒಂದು ಕಾಯಿಯನ್ನು ಕಾಲಿನಿಂದ ಅತ್ತಿತ್ತ ಹೊರಳಿಸುತ್ತಿದ್ದ.

"ಅವತ್ತು ಖರೇವಂದ್ರ ಎಷ್ಟಿತ್ರಿ?" ಎಂದು ಕೊನೆಗೆ ಕೇಳಿದ.

ನಲವತ್ಮೂರು ದಾಟಿರಬೇಕು ಎಂದೆ.

ಅವನು ಕೈಬೆರಳು ಮಡಿಚಿದ. ನಲವತ್ತೊಂದಕ್ಕಿಂತ ಎಷ್ಟು ಹೆಚ್ಚು ಎಂದು ಲೆಕ್ಕ ಹಾಕುತ್ತಿದ್ದನೋ ಏನೋ. ಆಮೇಲೆ ಅವನ ಮುಖ ಕುಸಿಯಿತು. ಆ ಇಪ್ಪತ್ತು ಚಿಲ್ಲರೆ ದಿನ ಹಿಡಿದಿಟ್ಟುಕೊಂಡಿದ್ದ ಸಿಟ್ಟೆಲ್ಲ ಇಳಿದುಹೋಯಿತು. ನನ್ನನ್ನು ಬೈಯುತ್ತಾನೆ ಎಂದು ಕಾದೆ. ಹೊಡೆದಿದ್ದರೂ ನಿಂತು ಹೊಡೆಸಿಕೊಳ್ಳುತ್ತಿದ್ದೆ. ಅವನು ಮರಕ್ಕೆ ಹಣೆ ಹಚ್ಚಿ ನಿಂತು, ಅವ್ವಾ ಅವ್ವಾ ಎಂದು ಎರಡು ಸಲ ಅಂದ. ಅಷ್ಟು ದಿನ ಬಾರದ ಅಳು ಆಗ ಬಂತು. ನಾನು ಏನೂ ಮಾಡಲಾಗದೆ ಪಕ್ಕದಲ್ಲಿ ನಿಂತಿದ್ದೆ.

ತುಸು ಹೊತ್ತಿನ ಮೇಲೆ ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಮುಖ ಒರೆಸಿಕೊಂಡ.

"ನಾ ಆಕಿಗೆ ಎಲ್ಲಾರ ಮುಂದ ಬೈದೀನ್ರಿ" ಎಂದ. "ನನಗೊಬ್ಬಂಗ ಹೇಳಿ ಹೋಗಬ್ಯಾಡ್ರಿ. ನೀವೂ ಎಲ್ಲಾರ ಮುಂದ ಹೇಳ್ರಿ. ಆಕಿ ಸುಳ್ಳು ಹೇಳಿದ್ದಿಲ್ಲ ಅಂತ ಹೇಳ್ರಿ."

ಸೇತುವೆಯ ಕೆಳಗೆ ಹೋದೆವು. ಆ ಹನ್ನೊಂದು ಜನರ ಮುಂದೆ ನಿಂತೆ. ಮೊದಲಿನಿಂದ ಹೇಳಿದೆ. ಕೇಳುವವರಿಗೆ ಗ್ರಾಫ್ ಬೇಡ, ಪಾದರಸ ಬೇಡ. ನನ್ನ ಪೆಟ್ಟಿಗೆ ತಪ್ಪು ತೋರಿಸಿತು, ತಪ್ಪು ನನ್ನದು, ಅವತ್ತು ಕೆಲಸ ನಿಲ್ಲಬೇಕಾಗಿತ್ತು, ದ್ಯಾಮಕ್ಕ ಹೇಳಿದ್ದು ಖರೇ ಇತ್ತು ಎಂದೆ. ಕೈಮುಗಿದು ನಿಂತೆ.

ಒಬ್ಬಳ ಕೈಯಲ್ಲಿ ರೊಟ್ಟಿಯ ತುಂಡು ಹಾಗೆಯೇ ಇತ್ತು. ಅವರ ಮುಖದಲ್ಲಿ ನನ್ನ ಮೇಲಿನ ಸಿಟ್ಟು ಹುಡುಕಿದೆ, ಕಾಣಲಿಲ್ಲ. ಯಾರೂ ನನ್ನನ್ನು ನೋಡುತ್ತಲೇ ಇರಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿ, ಮತ್ತೆ ನೆಲ ನೋಡುತ್ತಿದ್ದರು.

"ನನಗೂ ಅವತ್ತು ಕಣ್ಣಿಗಿ ಕತ್ತಲಿ ಬಂದಿತ್ರಿ" ಎಂದಳು ಹಂಪಮ್ಮ. "ನಂಬರ್ ಕಡಿಮಿ ಐತಿ ಅಂದ್ರಲ್ಲ, ನನಗ ಜ್ವರ ಬಂದಿರಬೇಕು ಅನಕೊಂಡೆ."

ಅವಳ ಪಕ್ಕದವಳು ತನಗೂ ನಾಲಿಗೆ ಒಣಗಿ ಮಾತು ತೊದಲಿತ್ತು ಎಂದಳು. ಇನ್ನೊಬ್ಬಳು ಮರೆಗೆ ಹೋಗಿ ವಾಂತಿ ಮಾಡಿಕೊಂಡು ಬಂದಿದ್ದಳಂತೆ. ಬೆಳಿಗ್ಗೆ ಏನೋ ತಿಂದದ್ದು ಆಗಿಬಂದಿಲ್ಲ ಎಂದುಕೊಂಡು ಸುಮ್ಮನಿದ್ದಳಂತೆ. ಒಬ್ಬೊಬ್ಬರಾಗಿ ಬಾಯಿ ಬಿಟ್ಟರು. ಗಂಡಸರೂ ಹೇಳಿದರು. ಪ್ರತಿಯೊಬ್ಬರೂ ತಮ್ಮ ಮೈಯಲ್ಲೇ ಏನೋ ಕೆಟ್ಟಿದೆ, ಉಳಿದವರೆಲ್ಲ ಚೆನ್ನಾಗಿದ್ದಾರೆ ಎಂದುಕೊಂಡಿದ್ದರು. ಎರ್ರಿಯಪ್ಪ ಒಬ್ಬೊಬ್ಬರ ಮುಖವನ್ನೂ ದಿಟ್ಟಿಸಿ ನೋಡುತ್ತಿದ್ದ.

"ನಾ ಕೇಳಿದ್ನಲ್ಲ" ಎಂದ. "ಮತ್ಯಾರಿಗಾರ ಬಿಸಿಲು ತಡಿಯಾಕ ಆಗವಲ್ದೇನು ಅಂತ ಅವತ್ತ ಕೇಳಿದ್ನಲ್ಲ ನಿಮ್ಮನ್ನ."

"ಕೇಳಿದಿ ಮೇಸ್ತ್ರಿ" ಎಂದಳು ಹಂಪಮ್ಮ. ಕಣ್ಣೀರು ಅವಳ ಗಲ್ಲದ ಸಿಮೆಂಟಿನ ಧೂಳಿನಲ್ಲಿ ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. "ನೀ ಕೇಳಿದಾಗ ದ್ಯಾಮಕ್ಕ ನಮ್ಮೆಲ್ಲಾರ ಮಕ ನೋಡಿದ್ಲು. ಒಬ್ಬರಾದರೂ ಹೂಂ ಅಂತೀವೇನೋ ಅಂತ ನೋಡಿದ್ಲು. ನಾವು ಯಾರೂ ಅನಲಿಲ್ಲ. ಆಕಿ ಮತ್ತ ಬಾಂಡ್ಲಿ ಎತ್ತಿಕೊಂಡ್ಲು."